ಅರ್ಧ ದಿನದ ಸಿಪಿಆರ್ ಕ್ಲಾಸು: ಚೆನ್ನಾಗಿದೆ, ಆದರೆ ಗೇಟಿನವರನ್ನು ಹೊರಗೆ ನಿಲ್ಲಿಸಿದರೆ ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವುದನ್ನು ಕಲಿಸುವ ಈ ಕ್ಲಾಸು ಚೆನ್ನಾಗಿತ್ತು. ತಲೆಗೆ 800 ರೂಪಾಯಿ. ಬೆಳಗ್ಗೆ ಒಂಬತ್ತೂವರೆಗೆ ಶುರು, ಊಟದ ಹೊತ್ತಿಗೆ ಮುಗೀತು, ಮಧ್ಯೆ ಕಾಫಿ, ಬಿಸ್ಕತ್ತು. ಮೈಸೂರಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲೇ ನಡೆಯಿತು, ಹಾಗಾಗಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಬಂದರೆ ಆಯ್ತು. ಕಲಿಸಲು ಬಂದ ಸಂಸ್ಥೆಯ ಹೆಸರು ಬೇಕೆಂದೇ ಹಾಕುತ್ತಿಲ್ಲ. ಇಂಥ ಕ್ಲಾಸುಗಳು ಈಗ ಬೇಕಾದಷ್ಟಿವೆ, ಎಲ್ಲದರ ಅಚ್ಚೂ ಸುಮಾರು ಒಂದೇ. ನಾನು ಇಲ್ಲಿ ಹೊಗಳಿದ್ದು, ಬೈದದ್ದು ಎರಡೂ ನೀವು ಸೇರುವ ಕ್ಲಾಸಿಗೂ ಹೊಂದಬಹುದು. ಐದಕ್ಕೆ ನಾಲ್ಕು ಸ್ಟಾರ್.

ಜನ ಯಾಕೆ ಬಂದಿದ್ದರು ಅಂತ ಕೇಳುವುದೇ ಬೇಡ. 2021ರ ಅಕ್ಟೋಬರ್ 29ರಂದು ಪುನೀತ್ ಹೋದರು, 46 ವರ್ಷ, ಜಿಮ್ ಮಾಡುವ ಮೈಕಟ್ಟು. ಆಮೇಲೆ 2025ರ ಜೂನ್-ಜುಲೈನಲ್ಲಿ ಹಾಸನದಿಂದ ದಿನ ಬೆಳಗಾದರೆ ಹೃದಯಾಘಾತದ ಒಂದು ಸುದ್ದಿ. ಎರಡೂ ಸಲ ಜನ ಜಯದೇವದ ಮುಂದೆ ಕ್ಯೂ ನಿಂತರು, ಇಸಿಜಿ ಮಾಡಿಸಿಕೊಂಡರು. ತಪ್ಪೇನಿಲ್ಲ. ಆದರೆ ಪಕ್ಕದಲ್ಲಿ ನಿಂತವರು ಕುಸಿದು ಬಿದ್ದರೆ ನಾನೇನು ಮಾಡಬೇಕು ಅಂತ ಕಲಿಯಲು ಯಾರೂ ಅಷ್ಟು ದೊಡ್ಡ ಕ್ಯೂ ನಿಲ್ಲಲಿಲ್ಲ. ಇಸಿಜಿ ಇವತ್ತು ಸರಿಯಿದ್ದ ಮಾತ್ರಕ್ಕೆ ನಾಳೆ ಏನೂ ಆಗಲ್ಲ ಅಂತ ಬರೆದುಕೊಡುವವರಿಲ್ಲ, ಅಲ್ವಾ?

ಕ್ಲಾಸಿನ ಮೊದಲ ಒಂದು ಗಂಟೆ ಸ್ಲೈಡುಗಳು. ಸ್ವಲ್ಪ ಜಾಸ್ತಿಯೇ ಆಯಿತು. ಹೃದಯದ ಚಿತ್ರ, ಬಾಣ, ಕೆಂಪು-ನೀಲಿ ರಕ್ತನಾಳ, ಎಲ್ಲ ಇಂಗ್ಲಿಷಿನಲ್ಲಿ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಒಂದೇ ವಿಷಯ. ಹಾರ್ಟ್ ಅಟ್ಯಾಕ್ ಬೇರೆ, ಕಾರ್ಡಿಯಾಕ್ ಅರೆಸ್ಟ್ ಬೇರೆ. ಟ್ರೈನರ್ ಹೇಳಿದ್ದು ಹೀಗೆ: ಅಟ್ಯಾಕ್ ಅಂದರೆ ಪೈಪು ಕಟ್ಟಿಕೊಂಡಿದೆ, ಅರೆಸ್ಟ್ ಅಂದರೆ ಮೋಟಾರೇ ನಿಂತಿದೆ. ಅಟ್ಯಾಕ್ ಆದವರು ಎದೆ ಹಿಡಿದುಕೊಂಡು, ಬೆವರುತ್ತಾ, ನಿಮ್ಮ ಜೊತೆ ಮಾತಾಡುತ್ತಿರುತ್ತಾರೆ. ಅವರ ಎದೆ ಒತ್ತಬಾರದು, ಬೇಗ ಆಸ್ಪತ್ರೆಗೆ ಸೇರಿಸಬೇಕು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ಏರ್ಪಾಡು ಇರುವುದು ಇಂಥವರಿಗೇ. ಅರೆಸ್ಟ್ ಆದವರಿಗೆ ಆಸ್ಪತ್ರೆ ಎಷ್ಟು ಹತ್ತಿರವಿದ್ದರೂ ದೂರವೇ. ರಕ್ತ ಹರಿಯುವುದು ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರು. ಯಾರೂ ಎದೆ ಒತ್ತದೆ ಬಿಟ್ಟರೆ ಬದುಕುವ ಸಾಧ್ಯತೆ ನಿಮಿಷಕ್ಕೆ ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಸಂಜೆ ಆರೂವರೆಗೆ ನಮ್ಮ ರಿಂಗ್ ರೋಡ್ ಸಿಗ್ನಲ್ಲಿನಲ್ಲಿ ಆಂಬುಲೆನ್ಸ್ ಎಷ್ಟು ಹೊತ್ತು ನಿಂತಿರುತ್ತದೆ ಅಂತ ನೋಡಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಸ್ಲೈಡ್ ಮುಗಿಸಿ, ಎದೆ ಒತ್ತಿ ಅಭ್ಯಾಸ ಮಾಡುವ ಬೊಂಬೆ ಇಳಿಸಿದ ಮೇಲೆ ಕ್ಲಾಸಿಗೆ ಜೀವ ಬಂತು. (ಈ ಬೊಂಬೆಗೂ ಒಂದು ಕಥೆಯಿದೆ. ಇದನ್ನು 1960ರಲ್ಲಿ ಮೊದಲು ಮಾಡಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್. ಮುಖಕ್ಕೆ ಅವರು ಮಾದರಿ ಮಾಡಿಕೊಂಡದ್ದು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಸಿಕ್ಕಳು ಎನ್ನಲಾದ ಅನಾಮಿಕ ಹುಡುಗಿಯೊಬ್ಬಳ ಮುಖವಾಡವನ್ನು. ಕಾಫಿ ಹೊತ್ತಿನಲ್ಲಿ ಟ್ರೈನರ್ ಇದನ್ನು ಹೇಳಿದಾಗ ಬಿಸ್ಕತ್ತು ಅದ್ದುತ್ತಿದ್ದವರೆಲ್ಲ ಒಮ್ಮೆ ಬೊಂಬೆ ಕಡೆ ತಿರುಗಿ ನೋಡಿದರು.)

ಟ್ರೈನರ್ ಮೊದಲು ತಾವೇ ಮಲಗಿ ಒಂದು ನಾಟಕ ಮಾಡಿ ತೋರಿಸಿದರು. ಬಾಯಿ ತೆರೆದು, ಗೊರಕೆಯ ಹಾಗೆ, ಮೀನು ಬಾಯಿ ಬಿಟ್ಟ ಹಾಗೆ, ಆಗೊಂದು ಈಗೊಂದು ಉಸಿರು ಎಳೆದರು. ಮುಂದೆ ಕೂತಿದ್ದ ಅಜ್ಜಿಯೊಬ್ಬರು "ಅಯ್ಯೋ, ಉಸಿರಾಡ್ತಿದ್ದಾರಲ್ಲ, ಪರವಾಗಿಲ್ಲ ಬಿಡಿ" ಅಂದರು. ಟ್ರೈನರ್ ಎದ್ದು ಕೂತು, "ಅಮ್ಮಾ, ಎಲ್ಲರೂ ಮೋಸ ಹೋಗೋದು ಇಲ್ಲೇ" ಅಂದರು. ಹೃದಯ ನಿಂತ ಮೇಲೂ ಸ್ವಲ್ಪ ಹೊತ್ತು ಇಂಥ ಏದುಸಿರು ಬರಬಹುದು, ಅದು ಉಸಿರಾಟದ ಲೆಕ್ಕಕ್ಕಿಲ್ಲ. ಭುಜ ತಟ್ಟಿ ಜೋರಾಗಿ ಕೂಗಬೇಕು. ಎದೆ ಸರಿಯಾಗಿ ಏರಿಳಿಯುತ್ತಿದೆಯಾ ಅಂತ ನೋಡಬೇಕು. ಈ ನೋಡುವುದು ಹತ್ತು ಸೆಕೆಂಡ್ ದಾಟಬಾರದು. ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಅಂದರೆ ಶುರು ಮಾಡಿಬಿಡಬೇಕು. ಕೈ ಹಿಡಿದು ನಾಡಿ ಹುಡುಕುತ್ತಾ ಕೂರುವ ಕೆಲಸ ನಮ್ಮಂಥವರಿಗೆ ಅಲ್ಲ.

ಇನ್ನೊಂದು ಸಣ್ಣ ವಿಷಯ ಹೇಳಿಕೊಟ್ಟರು, ನನಗೆ ತುಂಬ ಹಿಡಿಸಿತು. "ಯಾರಾದ್ರೂ ಫೋನ್ ಮಾಡ್ರೀ" ಅಂತ ಕೂಗಿದರೆ ಯಾರೂ ಮಾಡುವುದಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆ ಅಂದುಕೊಳ್ಳುತ್ತಾರೆ. ಬೆರಳು ತೋರಿಸಿ ಹೇಳಬೇಕು: ನೀಲಿ ಶರ್ಟಿನವರೇ, ನೀವು 108ಕ್ಕೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ. ಕನ್ನಡಕದವರೇ, ನೀವು ಹೋಗಿ ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ) ತನ್ನಿ. ನಮ್ಮ ಊರುಗಳಲ್ಲಿ ಯಾರಾದರೂ ಬಿದ್ದರೆ ಜನ ಸೇರುವುದಕ್ಕೆ ಕೊರತೆಯೇ ಇಲ್ಲ, ಗಾಳಿಯೂ ಆಡದ ಹಾಗೆ ಸುತ್ತ ನಿಂತಿರುತ್ತಾರೆ, ಒಬ್ಬರು ಬಾಯಿಗೆ ನೀರು ಹಾಕಲು ನೋಡುತ್ತಾರೆ, ಇನ್ನೊಬ್ಬರು ಕೈಗೆ ಬೀಗದ ಕೈ ಹಿಡಿಸುತ್ತಾರೆ, ಮತ್ತೊಬ್ಬರು ಅಂಗಾಲು ಉಜ್ಜುತ್ತಾರೆ. ಟ್ರೈನರ್ ಇದನ್ನು ಆಡಿಕೊಳ್ಳಲಿಲ್ಲ, ಅದು ಒಳ್ಳೆಯದಾಯಿತು. ಎಚ್ಚರ ತಪ್ಪಿದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಹೋಗಬಹುದು ಅಂತಷ್ಟೇ ಹೇಳಿ, ಉಜ್ಜುವ ಆ ಕೈಗಳನ್ನೇ ಎದೆ ಮೇಲೆ ಇಡಿ ಅಂದರು.

ಒತ್ತುವುದು ನೋಡಲು ಸುಲಭ, ಮಾಡಲು ಕಷ್ಟ. ಅಂಗೈಯ ಬುಡವನ್ನು ಎದೆಯ ಮಧ್ಯದಲ್ಲಿ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಇಡಬೇಕು. ಅದರ ಮೇಲೆ ಇನ್ನೊಂದು ಕೈ. ಮೊಣಕೈ ಬಗ್ಗಬಾರದು, ಭುಜ ನೇರ ಮೇಲೆ ಬರಬೇಕು. ದೊಡ್ಡವರಿಗೆ 5 ಸೆಂಟಿಮೀಟರಿಗೆ ಕಮ್ಮಿಯಿಲ್ಲದೆ, 6 ದಾಟದೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು, ಇಲ್ಲದಿದ್ದರೆ ಹೃದಯದೊಳಗೆ ಮತ್ತೆ ರಕ್ತ ತುಂಬಿಕೊಳ್ಳುವುದಿಲ್ಲ, ಖಾಲಿ ಚೀಲ ಒತ್ತಿದಂತೆ ಆಗುತ್ತದೆ. ಆಳ ಸರಿಯಾದರೆ ಬೊಂಬೆ ಟಕ್ ಅನ್ನುತ್ತದೆ, ವೇಗವೂ ಸರಿಯಾದರೆ ಭುಜದಲ್ಲಿ ಹಸಿರು ದೀಪ. ಮೂರನೇ ಮಹಡಿಯ ಜಿಮ್ ಹುಡುಗ ತೋಳಿನ ಬಲದಲ್ಲಿ ಮೊಣಕೈ ಬಗ್ಗಿಸಿ ಒತ್ತಿದ, ಒಂದು ನಿಮಿಷಕ್ಕೆ ಮುಖ ಕೆಂಪಾಯಿತು, ದೀಪ ಹಳದಿಯಲ್ಲೇ ಉಳಿಯಿತು. ರಿಟೈರ್ಡ್ ಟೀಚರ್ ಒಬ್ಬರು, ಸಣಕಲು ದೇಹ, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿ, ಕೈ ನೇರ ಮಾಡಿ ಮೈಭಾರ ಬಿಟ್ಟು ಒತ್ತಿದರು, ಟಕ್ ಟಕ್ ಟಕ್, ಹಸಿರು ದೀಪ ಆರಲೇ ಇಲ್ಲ. ಆದರೆ ಯಾರೇ ಆದರೂ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಲೇಬೇಕು. ದಣಿದದ್ದು ನಮಗೆ ಗೊತ್ತಾಗುವ ಮೊದಲೇ ಆಳ ಕಮ್ಮಿಯಾಗಿರುತ್ತದೆ. ಇದನ್ನು ವಿಡಿಯೋ ನೋಡಿ ಕಲಿಯಲು ಆಗಲ್ಲ. ಮೊಬೈಲ್ ಸ್ಕ್ರೀನು ಟಕ್ ಅನ್ನುವುದಿಲ್ಲ. 800 ರೂಪಾಯಿ ಕೊಟ್ಟದ್ದು ಆ ಟಕ್ ಶಬ್ದಕ್ಕೆ ಅಂದುಕೊಂಡರೂ ಸರಿಯೇ.

ಪಕ್ಕೆಲುಬು ಮುರಿದರೆ? ಎಲ್ಲರೂ ಕೇಳಿದ ಪ್ರಶ್ನೆ. ಮುರಿಯಬಹುದು, ವಯಸ್ಸಾದವರಲ್ಲಿ ಮುರಿಯುವುದೇ ಜಾಸ್ತಿ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ನಿಂತ ಹೃದಯ ಹಾಗೇ ಬಿಟ್ಟರೆ ಉಳಿಗಾಲವಿಲ್ಲ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಲು ಹೇಸಿಗೆ ಅಂದರೆ? ಕೊಡಬೇಡಿ, ಬರೀ ಎದೆ ಒತ್ತಿ. ನಮ್ಮ ದೇಶದ ಅರಿವಳಿಕೆ ತಜ್ಞರು 2017ರಲ್ಲಿ ಜನಸಾಮಾನ್ಯರಿಗೆಂದೇ ತಂದ ಮಾರ್ಗಸೂಚಿಯಲ್ಲೂ ಇರುವುದು ಬರೀ ಎದೆ ಒತ್ತುವುದು.

ಆದರೆ ಇಲ್ಲಿ ಟ್ರೈನರ್ ಒಂದು ಮುಖ್ಯ ವಿಷಯವನ್ನು ಒಂದೇ ವಾಕ್ಯದಲ್ಲಿ ಹಾರಿಸಿಬಿಟ್ಟರು. ನೀರಿನಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಉಸಿರು ಕೊಡುವುದು ತುಂಬ ಮುಖ್ಯ. ಅವರಲ್ಲಿ ಮೊದಲು ಆಮ್ಲಜನಕ ತೀರಿ, ಆಮೇಲೆ ಹೃದಯ ನಿಲ್ಲುವುದು. ಬಲಮುರಿ, ಶ್ರೀರಂಗಪಟ್ಟಣ ಅಂತ ರಜೆ ಬಂದರೆ ಕಾವೇರಿಗೆ ಇಳಿಯುವ ಊರು ನಮ್ಮದು. ಇಲ್ಲಿ ಕಲಿಸುವಾಗ 30 ಸಲ ಒತ್ತಿ 2 ಸಲ ಉಸಿರು ಕೊಡುವುದನ್ನು ಎಲ್ಲರ ಕೈಲೂ ಮಾಡಿಸಬೇಕಿತ್ತು. ಇಬ್ಬರು ಮಾಡಿದರು, ಉಳಿದವರು ನೋಡಿದೆವು. ಸ್ಲೈಡಿನಲ್ಲಿ ಹತ್ತು ನಿಮಿಷ ಕತ್ತರಿಸಿದ್ದರೆ ಇದಕ್ಕೆ ಹೊತ್ತು ಸಿಗುತ್ತಿತ್ತು.

ಬೊಂಬೆಗಳ ಎದೆಯೆಲ್ಲ ಗಂಡಸರದೇ. ಇದನ್ನೂ ಹೇಳಬೇಕು. ಸಾರ್ವಜನಿಕ ಜಾಗದಲ್ಲಿ ಕುಸಿದ ಹೆಂಗಸರಿಗೆ ಸಿಪಿಆರ್ ಸಿಗುವುದು ಗಂಡಸರಿಗಿಂತ ಕಮ್ಮಿ ಅಂತ ಹೊರದೇಶದ ಅಧ್ಯಯನಗಳೇ ಹೇಳುತ್ತವೆ, ಇನ್ನು ನಮ್ಮಲ್ಲಿ ಕೇಳಬೇಕಾ? "ನಿಮ್ಮ ಎದುರು ಒಬ್ಬ ಹೆಂಗಸು ಬಿದ್ದರೆ ರವಿಕೆ ಬಿಚ್ಚಿ ಎಇಡಿ ಪ್ಯಾಡ್ ಅಂಟಿಸ್ತೀರಾ?" ಅಂತ ಟ್ರೈನರ್ ಗಂಡಸರ ಸಾಲಿಗೆ ಕೇಳಿದರು. ಎಲ್ಲರೂ ನೆಲ ನೋಡಿದರು. ಉತ್ತರ ಕೊಟ್ಟದ್ದು ಆ ಟೀಚರೇ: "ನಾನು ಬಿದ್ದರೆ ಅಂಟಿಸ್ರಪ್ಪಾ, ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ." ಬಟ್ಟೆ ತೆಗೆಯಬೇಕಾಗುವುದು ಪ್ಯಾಡ್ ಅಂಟಿಸಲು ಮಾತ್ರ, ಎದೆ ಒತ್ತಲು ಬಟ್ಟೆ ಮೇಲಿಂದಲೇ ಶುರು ಮಾಡಬಹುದು. ತಾಳಿ, ಸರ ಕಿತ್ತು ಹಾಕಬೇಕಾಗಿಲ್ಲ, ಪ್ಯಾಡಿನ ಕೆಳಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿದರೆ ಸಾಕು.

ಈಗ ಎಇಡಿ. ಸಿನಿಮಾದಲ್ಲಿ ಗೆರೆ ನೇರವಾದ ತಕ್ಷಣ ಇಸ್ತ್ರಿಪೆಟ್ಟಿಗೆಯಂಥದ್ದನ್ನು ಎದೆಗೆ ಒತ್ತಿ ಶಾಕ್ ಕೊಡುತ್ತಾರಲ್ಲ, ಅದು ಸುಳ್ಳು. ಗೆರೆ ನೇರವಾಗಿದ್ದರೆ ಶಾಕ್‌ನಿಂದ ಉಪಯೋಗವಿಲ್ಲ. ಹೃದಯ ಲಯ ತಪ್ಪಿ ಸುಮ್ನೆ ಅದುರುತ್ತಾ, ರಕ್ತ ತಳ್ಳದೆ ಇರುವಾಗ ಆ ಅದುರಾಟವನ್ನು ನಿಲ್ಲಿಸಿ, ಹೃದಯ ತಾನೇ ಮತ್ತೆ ಲಯ ಹಿಡಿಯಲು ಅವಕಾಶ ಕೊಡುವುದು ಶಾಕ್‌ನ ಕೆಲಸ. ಯಾವಾಗ ಕೊಡಬೇಕು ಅಂತ ಯಂತ್ರವೇ ನೋಡಿ ನಿರ್ಧಾರ ಮಾಡುತ್ತದೆ. ಬೇಡದವರಿಗೆ ನೀವು ಗುಂಡಿ ಒತ್ತಿದರೂ ಅದು ಶಾಕ್ ಕೊಡುವುದಿಲ್ಲ. 1965ರಲ್ಲಿ ಬೆಲ್‌ಫಾಸ್ಟಿನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಡ್ಜ್ ಆಂಬುಲೆನ್ಸಿನಲ್ಲಿ ಇಟ್ಟ ಮೊದಲ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು, ಕಾರ್ ಬ್ಯಾಟರಿಯಲ್ಲಿ ಓಡುತ್ತಿತ್ತು. ಈಗಿನದು ಟಿಫಿನ್ ಬ್ಯಾಗಿನಷ್ಟು. ಆನ್ ಮಾಡಿ, ಒಂದು ಪ್ಯಾಡನ್ನು ಬಲಗಡೆ ಕೊರಳಮೂಳೆಯ ಕೆಳಗೆ, ಇನ್ನೊಂದನ್ನು ಎಡಗಡೆ ಕಂಕುಳ ಕೆಳಗೆ ಪಕ್ಕೆಗೆ ಅಂಟಿಸಬೇಕು. ಎದೆ ಬೆವರಿದ್ದರೆ ಮೊದಲು ಒರೆಸಬೇಕು. ಯಂತ್ರ ನೋಡುವಾಗ, ಶಾಕ್ ಕೊಡುವಾಗ ಯಾರೂ ಮೈ ಮುಟ್ಟಬಾರದು. ಶಾಕ್ ಕೊಟ್ಟ ತಕ್ಷಣ, ನಾಡಿ ಗೀಡಿ ನೋಡದೆ, ಮತ್ತೆ ಒತ್ತಲು ಶುರು. ಅಷ್ಟೇ.

ನನ್ನ ಆ ಒಂದು ಸ್ಟಾರ್ ಕಳೆದದ್ದು ಇಲ್ಲಿ. ಹಾಲಿಗೆ ನೀರಿನ ಕ್ಯಾನ್ ಇಡಲು ನಮ್ಮ ಗೇಟಿನ ಹುಡುಗ ಬಂದ, ರಾಯಚೂರು ಕಡೆಯವನು. ಟ್ರೈನರ್ ಕರೆದು "ಬಾರಪ್ಪಾ, ನೀನೂ ಒಂದು ಸಲ ಮಾಡು" ಅಂದರು. ಎದೆ ಒತ್ತುವುದನ್ನು ಬಾಗಿಲಲ್ಲಿ ನಿಂತು ನೋಡಿಯೇ ಅವನು ಅರ್ಧ ಕಲಿತಿದ್ದ. ಆಮೇಲೆ ಎಇಡಿ ಆನ್ ಮಾಡಿದ. ಅದು ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಹೇಳಿತು. ಅವನು ಪ್ಯಾಡ್ ಕೈಲಿ ಹಿಡಿದುಕೊಂಡು ನಮ್ಮ ಮುಖ ನೋಡಿ "ಏನಂತೈತ್ರೀ ಇದು?" ಅಂದ. ಯಂತ್ರ ಅದನ್ನೇ ಮತ್ತೆ ಹೇಳಿತು. ಪ್ಯಾಡಿನ ಮೇಲಿದ್ದ ಚಿತ್ರ ನೋಡಿ ಅಂತೂ ಸರಿಯಾದ ಜಾಗಕ್ಕೆ ಅಂಟಿಸಿದ. ಚಿತ್ರ ಇದ್ದದ್ದರಿಂದ ಬಚಾವ್. ಯಾರೋ "ಸರಿ, ಗೇಟಲ್ಲಿ ಯಾರಿದ್ದಾರೆ?" ಅಂದರು, ಅವನು ಹೊರಟುಹೋದ. ಕ್ಲಾಸು ಮುಂದುವರಿಯಿತು.

ಇಡೀ ದಿನದಲ್ಲಿ ಅಪಾರ್ಟ್‌ಮೆಂಟಿನೊಳಗೆ ಖಾಯಂ ಇರುವವರು ಯಾರು? ಆ ಹುಡುಗ, ಲಿಫ್ಟ್ ನೋಡಿಕೊಳ್ಳುವವರು, ಮನೆಗೆಲಸದವರು, ಇಸ್ತ್ರಿ ಅಂಗಡಿಯವರು. ನಾವು 800 ಕೊಟ್ಟು ಕಲಿತವರೆಲ್ಲ ಹಗಲು ಹೊತ್ತಿನಲ್ಲಿ ಆಫೀಸಿನಲ್ಲಿರುತ್ತೇವೆ. ಮಧ್ಯಾಹ್ನ ಮೂರಕ್ಕೆ ಮೊದಲ ಮಹಡಿಯ ತಾತ ಪಾರ್ಕಿಂಗ್‌ನಲ್ಲಿ ಕುಸಿದರೆ ಮೊದಲು ಓಡಿ ಬರುವುದು ಕ್ಲಾಸಿಗೆ ಕರೆಯದ ಅವನೇ. ಇದು ನನ್ನ ತಲೆಯಲ್ಲಿ ಹುಟ್ಟಿದ ಮಾತಲ್ಲ. ಅಮೆರಿಕದ ಕ್ಯಾಸಿನೋಗಳಲ್ಲಿ ಸೆಕ್ಯೂರಿಟಿಯವರಿಗೆ ಎಇಡಿ ಕಲಿಸಿ ಏನಾಗುತ್ತದೆ ಅಂತ ನೋಡಿದ ಅಧ್ಯಯನ 2000ದಲ್ಲೇ ಪ್ರಕಟವಾಗಿದೆ. ಶಾಕ್‌ಗೆ ಸ್ಪಂದಿಸುವಂಥ ಲಯದಲ್ಲಿದ್ದು, ಎಲ್ಲರ ಕಣ್ಣೆದುರೇ ಕುಸಿದವರಲ್ಲಿ, ಮೂರು ನಿಮಿಷದೊಳಗೆ ಶಾಕ್ ಸಿಕ್ಕವರ ಪೈಕಿ ಶೇ. 74ರಷ್ಟು ಮಂದಿ ಬದುಕಿ ಮನೆಗೆ ಹೋದರು. ಮೂರು ನಿಮಿಷ ದಾಟಿದವರಲ್ಲಿ ಅದು ಶೇ. 49. ಶಾಕ್ ಕೊಟ್ಟದ್ದು ಡಾಕ್ಟರ್ ಅಲ್ಲ, ಗೇಟು ಕಾಯುವವರು.

ಅಂದ ಹಾಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಇಡಿ ಇದೆ. ಲಕ್ಷದ ಆಸುಪಾಸು ಕೊಟ್ಟು ತಂದದ್ದು. ಎಲ್ಲಿದೆ ಅಂದರೆ ಅಸೋಸಿಯೇಷನ್ ಆಫೀಸಿನ ಬೀರುವಿನೊಳಗೆ, ಬೀಗ ಹಾಕಿ. ಕಳ್ಳತನ ಆಗಬಾರದಲ್ಲ! ಆಫೀಸು ತೆರೆಯುವುದು ಸಂಜೆ ಆರಕ್ಕೆ. ಅರೆಸ್ಟ್ ಆಗುವವರು ಅಸೋಸಿಯೇಷನ್ ಟೈಮಿಗೆ ಆಗಬೇಕು. ಟ್ರೈನರ್ ಕೇಳಿದ ಮೇಲೆ ಬೀಗ ತೆಗೆಸಿ ನೋಡಿದರೆ ಪ್ಯಾಡಿನ ಪ್ಯಾಕೆಟ್ ಮೇಲಿನ ದಿನಾಂಕ ಎಂದೋ ಮುಗಿದಿತ್ತು. ಪ್ಯಾಡಿನಲ್ಲಿರುವ ಜೆಲ್ ಒಣಗುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಬ್ಯಾಟರಿಗೂ ಆಯುಷ್ಯ ಇದೆ. ಫೈರ್ ಸಿಲಿಂಡರ್ ಚೆಕ್ ಮಾಡುವವರ ಪಟ್ಟಿಯಲ್ಲೇ ಇದನ್ನೂ ಸೇರಿಸಿ ಅಂದರು ಟ್ರೈನರ್. ಇದೊಂದೇ ಸಲಹೆಗೆ ನಾವು ಕೊಟ್ಟ ದುಡ್ಡು ಹುಟ್ಟಿತು.

ಪೊಲೀಸ್ ಕೇಸ್ ಆಗುತ್ತಾ ಅನ್ನುವ ಭಯ ಇದ್ದೇ ಇರುತ್ತದೆ. ರಸ್ತೆ ಅಪಘಾತದಲ್ಲಿ ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿಸಿದ್ದಾರೆ. ಕರ್ನಾಟಕ ಅದಕ್ಕೂ ಮೊದಲೇ ನೆರವಾಗುವವರ ರಕ್ಷಣೆಗೆ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಟ್ರೈನರ್ ಇದನ್ನು "ಏನೂ ಆಗಲ್ಲ, ಮಾಡಿ" ಅಂತ ಒಂದು ಮಾತಿನಲ್ಲಿ ಮುಗಿಸಿದರು. ಸ್ವಲ್ಪ ಬಿಡಿಸಿ ಹೇಳಿದ್ದರೆ ಹಿಂದಿನ ಸಾಲಿನವರ ಗುಸುಗುಸು ನಿಲ್ಲುತ್ತಿತ್ತು.

ಇನ್ನೊಂದು ತಕರಾರು. ಕೊನೆಯ ಸ್ಲೈಡಿನಲ್ಲಿ ಸಿಪಿಆರ್ ಮಾಡಿದರೆ ಜೀವ ಉಳಿದೇ ಉಳಿಯುತ್ತದೆ ಅನ್ನುವ ಧಾಟಿಯ ಪೋಸ್ಟರ್ ಇತ್ತು. ಹಾಗೆ ಹೇಳಬಾರದು. ಡೆನ್ಮಾರ್ಕ್ ನೋಡಿ. ಅಲ್ಲಿ ಶಾಲೆಯಲ್ಲಿ ಕಲಿಸುತ್ತಾರೆ, 2006ರಿಂದ ಡ್ರೈವಿಂಗ್ ಲೈಸೆನ್ಸಿಗೂ ಪ್ರಥಮ ಚಿಕಿತ್ಸೆಯ ಕೋರ್ಸ್ ಕಡ್ಡಾಯ. ನಮ್ಮ ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಬೋರ್ಡಿನ ಚಿತ್ರ ಗುರುತಿಸಿದರೆ ಮುಗೀತು! ಅಲ್ಲಿ 2001ರಲ್ಲಿ ಕುಸಿದವರ ಪೈಕಿ ಶೇ. 21ರಷ್ಟು ಮಂದಿಗೆ ಅಕ್ಕಪಕ್ಕದವರಿಂದ ಸಿಪಿಆರ್ ಸಿಗುತ್ತಿತ್ತು, 2010ಕ್ಕೆ ಅದು ಶೇ. 45ರ ಹತ್ತಿರ ಬಂತು. ಅದೇ ಅವಧಿಯಲ್ಲಿ 30 ದಿನ ದಾಟಿ ಬದುಕಿದವರು ಶೇ. 3.5ರಿಂದ 10.8ಕ್ಕೆ ಏರಿದರು. ಮೂರು ಪಟ್ಟು, ದೊಡ್ಡ ಸಾಧನೆಯೇ. ಆದರೂ ಹತ್ತರಲ್ಲಿ ಒಂಬತ್ತು ಮಂದಿ ಉಳಿಯಲಿಲ್ಲ ಅನ್ನುವುದೂ ಅದೇ ಲೆಕ್ಕ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಎರಿಕ್ಸನ್ 2021ರ ಜೂನ್‌ನಲ್ಲಿ ಕೋಪನ್‌ಹೇಗನ್ ಮೈದಾನದಲ್ಲಿ ಕುಸಿದು, ಅಲ್ಲೇ ಸಿಪಿಆರ್ ಮತ್ತು ಶಾಕ್ ಸಿಕ್ಕಿ, ಮುಂದೆ ಮತ್ತೆ ಫುಟ್‌ಬಾಲ್ ಆಡಿದ್ದು ಎಲ್ಲರಿಗೂ ಆಗುವಂಥದ್ದಲ್ಲ. ನಾಳೆ ಯಾರಾದರೂ ಸರಿಯಾಗಿಯೇ ಒತ್ತಿ, ಆದರೂ ಆ ವ್ಯಕ್ತಿ ಉಳಿಯದಿದ್ದರೆ, ತನ್ನಿಂದಲೇ ಹೋಯಿತು ಅಂತ ಜನ್ಮವಿಡೀ ಕೊರಗಬಾರದು. ಅದನ್ನು ಕ್ಲಾಸಿನಲ್ಲೇ ಹೇಳಿ ಕಳಿಸಬೇಕು.

ಬುಕ್ ಮಾಡುವವರು ಒಂದೆರಡು ವಿಷಯ ಕೇಳಿಕೊಳ್ಳಿ. ಎಷ್ಟು ಬೊಂಬೆ ತರುತ್ತಾರೆ ಅಂತ ಮೊದಲು ಕೇಳಿ. ನಾಲ್ಕೈದು ಜನಕ್ಕೆ ಒಂದು ಇಲ್ಲದಿದ್ದರೆ ಅರ್ಧ ಹೊತ್ತು ಇನ್ನೊಬ್ಬರ ಬೆನ್ನು ನೋಡುತ್ತಾ ಕೂರಬೇಕು. ಕನ್ನಡದಲ್ಲಿ ಕಲಿಸುವವರೇ ಬೇಕು ಅಂತ ಹಟ ಹಿಡಿಯಿರಿ. ನಮ್ಮ ಟ್ರೈನರ್‌ಗೆ ಚೆಂದದ ಕನ್ನಡ ಬರುತ್ತಿತ್ತು, ಸ್ಲೈಡಿಗೆ ಮಾತ್ರ ಬರುತ್ತಿರಲಿಲ್ಲ. ಎಇಡಿ ಕೊಳ್ಳುವ ಮೊದಲು ಅದು ಯಾವ ಭಾಷೆಯಲ್ಲಿ ಮಾತಾಡುತ್ತದೆ ಅಂತ ಆನ್ ಮಾಡಿಸಿ ಕೇಳಿ. ಸೀರೆಗಿಂತ ಚೂಡಿದಾರ್ ವಾಸಿ. ಮಂಡಿ ನೋವಿರುವವರು ಒಂದು ದಿಂಬು ತನ್ನಿ, ಗ್ರಾನೈಟ್ ನೆಲ ಯಾರನ್ನೂ ಬಿಡುವುದಿಲ್ಲ. ಸರ್ಟಿಫಿಕೇಟ್ ಕೊಡುತ್ತಾರೆ, ಎರಡು ವರ್ಷದ್ದು. ಆದರೆ ಕೈ ಅದಕ್ಕಿಂತ ಬೇಗ ಮರೆಯುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬೊಂಬೆ ಮುಟ್ಟುವುದು ಒಳ್ಳೆಯದು.

ನಮ್ಮಲ್ಲಿ ಇನ್ನೊಂದು ಬ್ಯಾಚ್ ಮಾಡಿಸಲು ಕೇಳಿದ್ದೇವೆ. ಸೆಕ್ಯೂರಿಟಿಯವರಿಗೆ, ಮನೆಗೆಲಸದವರಿಗೆ, ಇಸ್ತ್ರಿ ಅಂಗಡಿ ದಂಪತಿಗೆ. ಮಧ್ಯಾಹ್ನ ಎರಡಕ್ಕೆ, ಶಿಫ್ಟ್ ಬದಲಾಗುವ ಹೊತ್ತಿಗೆ, ಎರಡೂ ಶಿಫ್ಟಿನವರು ಸಿಗುವ ಹಾಗೆ. ಸ್ಲೈಡ್ ಬೇಡ, ಬರೀ ಬೊಂಬೆ ಮತ್ತು ಎಇಡಿ ಸಾಕು ಅಂತ ಹೇಳಿದ್ದೇವೆ, ಟ್ರೈನರ್ ಹೂಂ ಅಂದಿದ್ದಾರೆ. ಫೀಸು ಅಸೋಸಿಯೇಷನ್ ಕೊಡಬೇಕು. ಸೆಕ್ರೆಟರಿ ಒಪ್ಪಿದ್ದಾರೆ, ಖಜಾಂಚಿ ಇನ್ನೂ ಬಾಯಿ ಬಿಟ್ಟಿಲ್ಲ. ಬೀರುವಿನ ಬೀಗದ ಕೈ ಮಾತ್ರ ಈಗ ಗೇಟಿನ ಕ್ಯಾಬಿನ್‌ನಲ್ಲಿ ನೇತಾಡುತ್ತಿದೆ.